ತಳಿ ವಿಚಾರಿಸಿದ್ದು ಸಾಕು, ನಾಯಿಯನ್ನೇ ನೋಡಿ ಬನ್ನಿ

ಮೈಸೂರಿನ ಕುವೆಂಪುನಗರದಿಂದ ಓದುಗರೊಬ್ಬರು ಬರೆದಿದ್ದಾರೆ: "ಪರಿಚಯದವರು ವಿದೇಶಕ್ಕೆ ಹೊರಟಿದ್ದಾರೆ. ಅವರ ಮೂರು ವರ್ಷದ ಹೆಣ್ಣುನಾಯಿಯನ್ನು ನಮಗೆ ಕೊಡುತ್ತಾರಂತೆ. ಶಿಟ್ಜು, ಪೊಮೆರೇನಿಯನ್ ಸೇರಿದ ಮಿಶ್ರತಳಿ. ನಮ್ಮ ಮನೆಯಲ್ಲಿ ಏಳು ವರ್ಷದ ಮಗ, ವಯಸ್ಸಾದ ಅತ್ತೆ ಇದ್ದಾರೆ. ಈ ತಳಿಯ ಸ್ವಭಾವ ಹೇಗೆ?"

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಮಿಶ್ರತಳಿಗೆ ಇಂಥದ್ದೇ ಸ್ವಭಾವ ಅಂತ ಇರುವುದಿಲ್ಲ. ಒಂದೇ ಸೂಲಿನ ಮರಿಗಳಲ್ಲೂ ಒಂದು ತಾಯಿಯನ್ನು ಹೋಲುತ್ತದೆ, ಇನ್ನೊಂದು ತಂದೆಯನ್ನು. ಆದರೆ ನಿಮಗೆ ಸಿಗುತ್ತಿರುವುದು ಬೆಳೆದ ನಾಯಿ. ಅದರ ಸ್ವಭಾವ ಆಗಲೇ ರೂಪುಗೊಂಡಿದೆ, ಹೋಗಿ ನೋಡಬಹುದು. ಮರಿ ತರುವವರಿಗೆ ಈ ಅನುಕೂಲ ಇರುವುದಿಲ್ಲ.

ಒಂದು ಸಲ ನೋಡಿ ಒಪ್ಪಬೇಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ. ಹೋದ ತಕ್ಷಣ ಎತ್ತಿಕೊಳ್ಳಬೇಡಿ. ಸುಮ್ನೆ ನೆಲದ ಮೇಲೆ ಕುಳಿತುಕೊಳ್ಳಿ, ಅದೇ ಬಂದು ಮೂಸಲಿ. ಆಮೇಲೆ ಕಿವಿ, ಪಾದ ಮುಟ್ಟಿ ನೋಡಿ. ಊಟದ ತಟ್ಟೆಯ ಹತ್ತಿರ ಯಾರಾದರೂ ಹೋದರೆ ಗುರ್ ಎನ್ನುತ್ತದೆಯೇ? ಬಾಗಿಲ ಬೆಲ್ ಆದಾಗ ಎಷ್ಟು ಹೊತ್ತು ಬೊಗಳುತ್ತದೆ? ಮನೆಯವರೆಲ್ಲ ಹೊರಗೆ ಹೋದರೆ ಏನು ಮಾಡುತ್ತದೆ? ಯಾರನ್ನಾದರೂ ಕಚ್ಚಿದೆಯೇ ಎಂದು ನೇರವಾಗಿ ಕೇಳಿ. ಇದರಲ್ಲಿ ಸಂಕೋಚ ಬೇಡ. ಮಗನನ್ನು ಎರಡನೇ ಭೇಟಿಗೆ ಕರೆದುಕೊಂಡು ಹೋಗಿ. ಪುಟ್ಟ ನಾಯಿ ಅಂತ ಮಕ್ಕಳು ಗೊಂಬೆಯ ಹಾಗೆ ಎತ್ತಿ ಹಿಡಿಯುತ್ತಾರೆ. ಕೈ ಜಾರಿ ಬಿದ್ದರೆ ಇಂಥ ನಾಯಿಯ ಕಾಲು ಮುರಿಯಬಹುದು. ನೋವಾದರೆ ಅದು ಕಚ್ಚಲೂಬಹುದು, ಅಲ್ವಾ?

ಮೈಯನ್ನೂ ಗಮನಿಸಿ. ಮೂತಿ ಶಿಟ್ಜುವಿನಂತೆ ಚಪ್ಪಟೆಯಾಗಿದ್ದರೆ ಸೆಕೆ ತಡೆಯುವುದು ಕಷ್ಟ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದಲೇ. ಏಪ್ರಿಲ್ ಬಿಸಿಲಿನಲ್ಲಿ ಅದನ್ನು ನಡೆಸಬೇಡಿ, ಬೆಳಗಾಗುತ್ತಿದ್ದಂತೆ ಕರೆದೊಯ್ಯಿರಿ. ಪೊಮೆರೇನಿಯನ್ ಕಡೆಯಿಂದ ಮಂಡಿಚಿಪ್ಪು ಜಾರುವ ತೊಂದರೆ, ಶ್ವಾಸನಾಳದ ದೌರ್ಬಲ್ಯ ಬರಬಹುದು. ನಡೆಯುವಾಗ ಹಿಂಗಾಲು ಎತ್ತಿ ಕುಪ್ಪಳಿಸಿದರೆ ಪಶುವೈದ್ಯರಿಗೆ ತೋರಿಸದೆ ಒಪ್ಪಬೇಡಿ. ಕತ್ತಿಗೆ ಬೆಲ್ಟ್ ಬೇಡ, ಎದೆಗೆ ಕಟ್ಟುವ ಹಾರ್ನೆಸ್ ಒಳ್ಳೆಯದು. ಚಿಕ್ಕ ನಾಯಿಗಳಿಗೆ ಹಲ್ಲಿನ ತೊಂದರೆ ಜಾಸ್ತಿ, ಬಾಯಿ ತೆರೆಸಿ ನೋಡಿ. ಲಸಿಕೆ ಪುಸ್ತಕ ತಪ್ಪದೆ ಕೇಳಿ ಪಡೆಯಿರಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ ಎಂದೂ ಕೇಳಿ.

ಕೂದಲು ದಿನಾ ಬಾಚಬೇಕು, ಇಲ್ಲದಿದ್ದರೆ ಗಂಟುಕಟ್ಟಿ ಚರ್ಮ ಹಾಳಾಗುತ್ತದೆ. ನಮ್ಮ ಹುಳಿಯನ್ನ ಹಾಕುವ ಅಭ್ಯಾಸವಂತೂ ಬೇಡವೇ ಬೇಡ. ಈರುಳ್ಳಿ ನಾಯಿಗೆ ವಿಷ, ದ್ರಾಕ್ಷಿ ಮತ್ತು ಚಾಕೊಲೇಟ್ ಕೂಡ.

ಚಿಕ್ಕ ನಾಯಿಗಳು ಹನ್ನೆರಡರಿಂದ ಹದಿನೈದು ವರ್ಷ ಬದುಕುತ್ತವೆ. ನಿಮ್ಮ ಮಗ ಕಾಲೇಜು ಸೇರುವ ಹೊತ್ತಿಗೂ ಅದು ಮನೆಯಲ್ಲಿರಬಹುದು. ಮೂರು ವರ್ಷ ಒಂದೇ ಮನೆಯಲ್ಲಿ ಬೆಳೆದ ಜೀವ, ಬಂದ ಹೊಸದರಲ್ಲಿ ಊಟ ಬಿಡಬಹುದು, ಮೂಲೆ ಹಿಡಿಯಬಹುದು. ಅದು ಮಲಗುವ ಹಳೆಯ ಚಾಪೆಯನ್ನು ಒಗೆಯದೆ ಹಾಗೇ ತನ್ನಿ. ಆ ವಾಸನೆ ಅದಕ್ಕೆ ಧೈರ್ಯ ಕೊಡುತ್ತದೆ. ಪೂರ್ತಿ ಒಪ್ಪಿಕೊಳ್ಳುವ ಮೊದಲು ಒಂದು ವಾರ ನಿಮ್ಮ ಮನೆಯಲ್ಲಿ ಇಟ್ಟುಕೊಂಡು ನೋಡಲು ಕೇಳಿ.

ಅತ್ತೆಯವರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಅವರನ್ನೂ ನಾಯಿ ನೋಡಲು ಕರೆದೊಯ್ಯಿರಿ. ಪುಟ್ಟ ನಾಯಿ ಕಾಲಿಗೆ ಸುತ್ತಿಕೊಂಡು ಓಡಾಡುತ್ತದೆ, ವಯಸ್ಸಾದವರು ಎಡವುತ್ತಾರೆ. ನೀವು ಕೆಲಸಕ್ಕೆ, ಮಗ ಶಾಲೆಗೆ ಹೋಗುವವರಾದರೆ ಹಗಲೆಲ್ಲ ಅದರ ಜೊತೆ ಇರುವವರು ಅವರೇ. ಅವರು ಬೇಡ ಎಂದರೆ ತರಬೇಡಿ.