ಎಂಟು ತಿಂಗಳಿಂದ ಕೆನ್ನೆ, ಕಣತಲೆ ನೋವು, ಸ್ಕ್ಯಾನ್ ನಾರ್ಮಲ್. ಏನಿರಬಹುದು?

ಎಡಗೆನ್ನೆ, ಕಣತಲೆ, ಕಣ್ಣಿನ ಹಿಂದೆ ನೋವು. ಕನ್ನಡಕ ಬದಲಿಸಿದ್ದಾಯ್ತು, ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ‘ಟೆನ್ಷನ್ ಬಿಡಿ’ ಅಂತ ಕಳಿಸಿದರು, ಮುಂದೇನು ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ, ಪತ್ತಿನ ಸಂಘವೊಂದರಲ್ಲಿ ಲೆಕ್ಕ ಬರೆಯುವವನು. ಆದರೆ ಇದೇ ನೋವು ಹೊತ್ತು ಎರಡು ವರ್ಷ ಅಲೆದಿದ್ದೇನೆ.

ನನಗೆ ಮೊದಲು ಹಲ್ಲು ಅಂದರು. ರೂಟ್ ಕೆನಾಲ್ ಆಯಿತು, ನೋವು ಅಲ್ಲೇ ಇತ್ತು. ಆಮೇಲೆ ಸೈನಸ್ ಅಂತ ಆರು ತಿಂಗಳು ಹಬೆ. ಅಮ್ಮ ದೃಷ್ಟಿಯನ್ನೂ ತೆಗೆದಳು. ಖರ್ಚಿಲ್ಲದ ಚಿಕಿತ್ಸೆ ಅದೊಂದೇ. ಕೊನೆಗೆ ನರರೋಗ ತಜ್ಞರೊಬ್ಬರು ಸ್ಕ್ಯಾನ್ ಕವರ್ ಬಿಚ್ಚುವ ಮೊದಲೇ ಕೇಳಿದರು: “ಒಂದು ಸಲ ಬಂದರೆ ಎಷ್ಟು ಹೊತ್ತು ಇರುತ್ತೆ?” ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾನೂ ಗಮನಿಸಿರಲಿಲ್ಲ.

ಹಣೆ, ಕಣ್ಣು, ಸೈನಸ್, ಹಲ್ಲು, ದವಡೆ, ಇಷ್ಟೂ ಕಡೆಯ ನೋವಿನ ಸುದ್ದಿ ಮಿದುಳಿಗೆ ಹೋಗುವುದು ಹೆಚ್ಚಾಗಿ ಒಂದೇ ನರದಲ್ಲಂತೆ. ಹೆಸರು ಟ್ರೈಜೆಮಿನಲ್, ಮುಖದ ಒಂದೊಂದು ಬದಿಗೆ ಒಂದು, ಮೂರು ಕವಲು. ಊರಿಗೆಲ್ಲ ಒಬ್ಬನೇ ಪೋಸ್ಟ್‌ಮ್ಯಾನ್ ಇದ್ದ ಹಾಗೆ. ಕಾಗದ ಯಾವ ಮನೆಯದು ಅಂತ ಮಿದುಳಿಗೇ ಗೊಂದಲ. ದವಡೆಯ ಸ್ನಾಯು ನೊಂದರೂ ಹಲ್ಲುನೋವು ಅನಿಸಬಹುದು.

ಅದಕ್ಕೇ ಜಾಗಕ್ಕಿಂತ ಹೊತ್ತು ಮುಖ್ಯ. ಶಾಕ್ ಹೊಡೆದ ಹಾಗೆ ಬಂದು, ಸೆಕೆಂಡುಗಳಲ್ಲಿ, ಹೆಚ್ಚೆಂದರೆ 2 ನಿಮಿಷದಲ್ಲಿ ಹೋದರೆ, ಹಲ್ಲುಜ್ಜಿದರೆ, ಮುಖ ತೊಳೆದರೆ, ತಂಗಾಳಿ ಬಡಿದರೆ ಬಂದರೆ, ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದರೆ ಆ ನರದ್ದೇ ನೋವು ಇರಬಹುದು. ಹಲವರಲ್ಲಿ ರಕ್ತನಾಳವೊಂದು ಆ ನರದ ಬುಡಕ್ಕೆ ಒತ್ತಿರುತ್ತದೆ. ಅದನ್ನು ನೋಡಲು ಎಂ.ಆರ್.ಐ. ಬೇಕು. ಮಾಮೂಲಿ ನೋವಿನ ಮಾತ್ರೆ ಇದಕ್ಕೆ ನಾಟುವುದಿಲ್ಲ, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೈನ್ ಕೊಡುತ್ತಾರೆ. 15 ನಿಮಿಷದಿಂದ 3 ಗಂಟೆ, ಒಂದೇ ಕಣ್ಣಿನ ಸುತ್ತ, ಆ ಕಣ್ಣಲ್ಲಿ ನೀರು, ಕೂರಲಾಗದೆ ಚಡಪಡಿಕೆ ಇದ್ದರೆ ಕ್ಲಸ್ಟರ್ ತಲೆನೋವು. 4 ಗಂಟೆಯಿಂದ 3 ದಿನ ಕಾಡಿ, ಬೆಳಕು ಸದ್ದು ಬೇಡವಾಗಿ, ವಾಕರಿಕೆ ಬಂದರೆ ಮೈಗ್ರೇನ್. ಇದು ಕೆನ್ನೆಯಲ್ಲೂ ಬರುತ್ತದೆ, ಮೂಗೂ ಸೋರಬಹುದು. ನಾವೇ ‘ಸೈನಸ್ ತಲೆನೋವು’ ಅಂತ ಹೆಸರಿಟ್ಟಿದ್ದು ಎಷ್ಟೋ ಸಲ ಮೈಗ್ರೇನೇ ಆಗಿರುತ್ತದೆ.

ನನ್ನದು ಇದ್ಯಾವುದೂ ಅಲ್ಲ, ದವಡೆಯದು. ಬೆಳಿಗ್ಗೆ ಎದ್ದಾಗ ಜಾಸ್ತಿ, ಬಾಯಿ ತೆರೆದರೆ ಕಿವಿ ಮುಂದೆ ಕಟಕ್, ಜೋಳದ ರೊಟ್ಟಿ ಅಗಿದರೆ ಕಣತಲೆ ತನಕ ಸೆಳೆತ. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೆ. ಹೆಂಡತಿಗೆ ಗೊತ್ತಿತ್ತು. “ಹೇಳಿದ್ರೆ ಬೇಜಾರಾಗ್ತೀರಿ ಅಂತ ಸುಮ್ನಿದ್ದೆ” ಅಂದಳು! ಇದರ ಮೇಲೆ ಮಾತ್ರೆಯ ಕಾಟ ಬೇರೆ. ಮೊದಲೇ ತಲೆನೋವು ಇದ್ದವರು ತಿಂಗಳಿಗೆ 15 ದಿನ ಅಥವಾ ಹೆಚ್ಚು, 3 ತಿಂಗಳಿಗೂ ಮೀರಿ ನೋವಿನ ಮಾತ್ರೆ ನುಂಗಿದರೆ ಮಾತ್ರೆಯೇ ತಲೆನೋವು ತರಬಹುದು. ಕೆಲವು ಮಾತ್ರೆಗಳಿಗೆ 10 ದಿನವೇ ಸಾಕು. ನಾನು ದಿನಾ ನುಂಗುತ್ತಿದ್ದೆ. ಡಾಕ್ಟರ್ ಹೇಳಿ ನಿಲ್ಲಿಸಿದ ಮೇಲೆ ಎರಡು ವಾರ ನರಕ, ಆಮೇಲೆ ಇಳಿಯಿತು.

ನೀವು ಹೀಗೆ ಮಾಡಿ: ನೋವು ಶುರುವಾದ ಹೊತ್ತು, ಹೋದ ಹೊತ್ತು, ಏನು ಮಾಡುತ್ತಿದ್ದಿರಿ, ಯಾವ ಮಾತ್ರೆ, ಇಷ್ಟು ಒಂದು ತಿಂಗಳು ಬರೆದು ನರರೋಗ ತಜ್ಞರಿಗೆ ತೋರಿಸಿ. ಆದರೆ 50 ದಾಟಿದವರಿಗೆ ಹೊಸದಾಗಿ ತಲೆನೋವು ಬಂದು, ಬಾಚಣಿಗೆ ತಾಗಿದರೂ ನೋವು, ಅಗಿಯುವಾಗ ದವಡೆ ಸೋಲುವುದು, ಕಣ್ಣು ಮಂಜಾಗುವುದು ಇದ್ದರೆ ತಿಂಗಳು ಕಾಯಬಾರದು, ಅಂದೇ ಹೋಗಬೇಕು. ಕಣತಲೆಯ ರಕ್ತನಾಳ ಊದಿರಬಹುದು, ತಡವಾದರೆ ದೃಷ್ಟಿ ಹೋಗಬಹುದು. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತಲೆನೋವು, ಕೈಕಾಲು ಸೋಲುವುದು, ಕಣ್ಣು ಕೆಂಪಾಗಿ ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಇವೂ ತುರ್ತೇ.

ನನಗೀಗ ರಾತ್ರಿ ಹಲ್ಲಿಗೆ ನೈಟ್ ಗಾರ್ಡ್ ಅನ್ನುವ ಕವಚ. ಹಗಲಿಗೆ ಡಾಕ್ಟರ್ ಹೇಳಿದ್ದು ಇಷ್ಟೇ, ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ. ಮಾರ್ಚ್ ಲೆಕ್ಕದ ಗಡಿಬಿಡಿಯಲ್ಲಿ ಮರೆತುಹೋಗುತ್ತೆ ಅಂತ ಕಂಪ್ಯೂಟರ್ ಮೇಲೆ ‘ಹಲ್ಲು ಬಿಡು’ ಅಂತ ಚೀಟಿ ಅಂಟಿಸಿದ್ದೇನೆ. ಸಾಲ ಕೇಳಲು ಬಂದವರು ಅದನ್ನು ಓದಿ ನನ್ನ ಮುಖ ನೋಡುತ್ತಾರೆ.