ಮಗನ ಯಕ್ಷಗಾನದ ವಿಡಿಯೋ 11 ಜಿಬಿ ಇದೆ, ಕ್ರಾಪ್ ಮಾಡಿ ಸಣ್ಣದು ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಮಗ ಮಕ್ಕಳ ಮೇಳದಲ್ಲಿ ಅಭಿಮನ್ಯು ಮಾಡಿದ್ದಾನೆ. ನೀವು ಫೋನನ್ನು ಸ್ಟ್ಯಾಂಡಿಗೆ ಹಾಕಿ ಒಂದೂವರೆ ಗಂಟೆ ರೆಕಾರ್ಡ್ ಮಾಡಿದ್ದೀರಿ. ಕೆಳಗಡೆ ಮುಂದಿನ ಸಾಲಿನವರ ತಲೆ ಕಾಣುತ್ತದೆ. ಅದನ್ನು ತೆಗೆದು, ಫೈಲ್ ಸಣ್ಣದು ಮಾಡಿ, ಅಮೆರಿಕದಲ್ಲಿರುವ ಅಣ್ಣನಿಗೂ ಊರಲ್ಲಿರುವ ಅಜ್ಜಿಗೂ ಕಳಿಸಬೇಕು. ಲ್ಯಾಪ್‌ಟಾಪ್ ಇದೆ, ಈ ಕೆಲಸ ಮಾತ್ರ ಹೊಸದು.

ನಾನು ಕೆಲವು ವರ್ಷಗಳಿಂದ ನಮ್ಮ ಕಡೆಯ ಯಕ್ಷಗಾನದ ಆಟಗಳನ್ನು ರೆಕಾರ್ಡ್ ಮಾಡಿ ಇಡುತ್ತಿದ್ದೇನೆ. ಹಾಗಾಗಿ ನಿಮ್ಮ ಸಮಸ್ಯೆ ನನಗೆ ಚೆನ್ನಾಗಿ ಗೊತ್ತು. ಎಲ್ಲಕ್ಕಿಂತ ಮೊದಲು ಒಂದು ಮಾತು: ಮೂಲ ಫೈಲನ್ನು ಫೋನಿನಿಂದ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಕಾಪಿ ಮಾಡಿ, ಇನ್ನೊಂದು ಕಾಪಿ ಹಾರ್ಡ್‌ಡಿಸ್ಕಿನಲ್ಲಿ ಇಡಿ. ಅದನ್ನು ಅಳಿಸಲೇಬೇಡಿ. ಶುರುವಿನಲ್ಲಿ ನಾನು ಒಂದು ಆಟವನ್ನು ಸಿಕ್ಕಾಪಟ್ಟೆ ಕುಗ್ಗಿಸಿ, ಜಾಗ ಉಳಿಯಿತು ಅಂತ ಮೂಲವನ್ನು ಅಳಿಸಿಬಿಟ್ಟೆ. ಆಮೇಲೆ ನೋಡಿದರೆ ಮಂಡಿ ಕುಣಿತದ ಜಾಗದಲ್ಲೆಲ್ಲ ಬರೀ ಚೌಕ ಚೌಕ. ವೇಷದ ಕೆಂಪು ಬಣ್ಣ ಕಲಸಿಹೋಗಿತ್ತು. ಆವತ್ತು ಪದ ಹೇಳಿದ ಭಾಗವತರು ಈಗ ಇಲ್ಲ. ಒಮ್ಮೆ ಹೋದ ಗುಣಮಟ್ಟವನ್ನು ಯಾವ ಸಾಫ್ಟ್‌ವೇರೂ ವಾಪಸ್ ತರುವುದಿಲ್ಲ.

ಈಗ ಕೆಲಸಕ್ಕೆ ಬರೋಣ. 'ವಿಡಿಯೋ ಕಟ್ ಮಾಡುವುದು' ಅಂತ ಹುಡುಕಿದರೆ ಎರಡು ಬೇರೆ ಬೇರೆ ಕೆಲಸಗಳು ಒಟ್ಟಿಗೆ ಬರುತ್ತವೆ. ಹಿಂದೆ ಮುಂದೆ ಬೇಡದ ಹೊತ್ತನ್ನು ತೆಗೆಯುವುದು ಟ್ರಿಮ್. ಚಿತ್ರದ ಅಂಚನ್ನೇ ಕತ್ತರಿಸುವುದು ಕ್ರಾಪ್. ನಿಮಗೆ ಎರಡೂ ಬೇಕು, ಜೊತೆಗೆ ಕಂಪ್ರೆಸ್ಸೂ, ಅಂದರೆ ಫೈಲನ್ನು ಕುಗ್ಗಿಸುವುದೂ ಬೇಕು. ಮೂರನ್ನೂ ಮೂಲ ಫೈಲಿನಿಂದ ಒಂದೇ ಸಲಕ್ಕೆ ಮಾಡಿ. ಒಂದು ಆ್ಯಪಿನಲ್ಲಿ ಕ್ರಾಪ್, ಮತ್ತೊಂದರಲ್ಲಿ ಕಂಪ್ರೆಸ್ ಅಂತ ಮಾಡಿದರೆ ಪ್ರತಿ ಸಲವೂ ಚಿತ್ರ ಸ್ವಲ್ಪ ಸ್ವಲ್ಪ ಕೆಡುತ್ತದೆ. ಝಿಪ್ ಮಾಡಿ ಏನೂ ಉಪಯೋಗವಿಲ್ಲ, ಯಾಕೆಂದರೆ ಫೋನ್ ರೆಕಾರ್ಡ್ ಮಾಡುವಾಗಲೇ ಒಂದು ಸಲ ಕುಗ್ಗಿಸಿರುತ್ತದೆ.

ಒಂದು ಸಣ್ಣ ಲೆಕ್ಕ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಒಂದು ಸೆಕೆಂಡಿಗೆ ಎಷ್ಟು ಡೇಟಾ ಅನ್ನುವುದೇ ಬಿಟ್‌ರೇಟ್. ನಿಮ್ಮದು ಒಂದೂವರೆ ಗಂಟೆ, ಅಂದರೆ 5,400 ಸೆಕೆಂಡ್. 11 ಜಿಬಿಯನ್ನು ಅದರಲ್ಲಿ ಹಂಚಿದರೆ ಸೆಕೆಂಡಿಗೆ ಸುಮಾರು 16 ಮೆಗಾಬಿಟ್ (ಒಂದು ಬೈಟ್ ಅಂದರೆ 8 ಬಿಟ್). ಇದನ್ನೇ ಸೆಕೆಂಡಿಗೆ 2 ಮೆಗಾಬಿಟ್‌ಗೆ ಇಳಿಸಿದರೆ ಫೈಲ್ 1.35 ಜಿಬಿ ಆಗುತ್ತದೆ, ಆಡಿಯೋ ಸೇರಿ ಒಂದೂವರೆ ಜಿಬಿ ಹತ್ತಿರ. ಅಷ್ಟು ಇಳಿಸಿದರೂ ಚೆನ್ನಾಗಿ ಕಾಣುತ್ತದಾ ಅಂದರೆ, ಬಹಳ ಮಟ್ಟಿಗೆ ಹೌದು. ವಿಡಿಯೋ ಪ್ರತಿ ಚಿತ್ರವನ್ನೂ ಪೂರ್ತಿ ಉಳಿಸಿಕೊಳ್ಳುವುದಿಲ್ಲ. ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತೋ ಅದನ್ನು ಮುಖ್ಯವಾಗಿ ಬರೆದುಕೊಳ್ಳುತ್ತದೆ. ನೀವು ಸ್ಟ್ಯಾಂಡ್ ಬಳಸಿದ್ದು ಇಲ್ಲಿ ದೊಡ್ಡ ಲಾಭ. ಹಿಂದಿನ ಪರದೆ, ಕಂಬ, ಕೂತ ಭಾಗವತರು ಇದ್ದಲ್ಲೇ ಇರುತ್ತಾರೆ, ಅದಕ್ಕೆ ಜಾಗ ಹೆಚ್ಚು ಬೇಕಿಲ್ಲ. ಕೈಯಲ್ಲಿ ಹಿಡಿದು ಅಲ್ಲಾಡಿದ್ದರೆ ಇಡೀ ಚಿತ್ರವೇ ಬದಲಾಗುತ್ತಿತ್ತು. ಕತ್ತಲಲ್ಲಿ ತೆಗೆದಾಗ ಬರುವ ರವೆ ರವೆಯೂ ಹಾಗೆಯೇ, ಸುಮ್ನೆ ಜಾಗ ತಿನ್ನುತ್ತದೆ.

ನಾನು ಬಳಸುವುದು ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್. ಪೂರ್ತಿ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರದೇ ಸೈಟಿನಿಂದ (ಹ್ಯಾಂಡ್‌ಬ್ರೇಕ್ ಡಾಟ್ ಎಫ್‌ಆರ್) ಇಳಿಸಿಕೊಳ್ಳಿ, ಬೇರೆ ಕಡೆಯಿಂದ ಬೇಡ. ಫೈಲನ್ನು ಅದರೊಳಗೆ ಎಳೆದು ಬಿಟ್ಟು, ಮೊದಲು ಪ್ರೀಸೆಟ್‌ನಲ್ಲಿ (ಅದರಲ್ಲೇ ಸಿದ್ಧವಾಗಿರುವ ಸೆಟ್ಟಿಂಗ್‌ಗಳು) 'ಫಾಸ್ಟ್ 720ಪಿ30' ಆರಿಸಿ. ಪ್ರೀಸೆಟ್ ಆರಿಸಿದ ಮೇಲೆಯೇ ಉಳಿದದ್ದನ್ನು ಬದಲಿಸಿ, ಇಲ್ಲದಿದ್ದರೆ ನೀವು ಹಾಕಿದ ಅಳತೆ ಹೋಗಬಹುದು.

'ಡೈಮೆನ್ಷನ್ಸ್' ಟ್ಯಾಬಿನಲ್ಲಿ ಕ್ರಾಪಿಂಗ್ ಇದೆ. ಅದು ಸಾಮಾನ್ಯವಾಗಿ 'ಆಟೋಮ್ಯಾಟಿಕ್' ಇರುತ್ತದೆ, ಕಪ್ಪು ಪಟ್ಟಿಗಳನ್ನು ಮಾತ್ರ ತೆಗೆಯುತ್ತದೆ. ತಲೆಗಳನ್ನು ತೆಗೆಯಲು ಅದನ್ನು 'ಕಸ್ಟಮ್' ಮಾಡಿ. ನಿಮ್ಮ ಚಿತ್ರ 1920 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರ ಅಂದುಕೊಳ್ಳೋಣ. ಕೆಳಗಿನಿಂದ 180 ತೆಗೆದರೆ ಎತ್ತರ 900 ಉಳಿಯಿತು. ಅಗಲ ಹಾಗೇ ಬಿಟ್ಟರೆ ಟಿವಿಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಅದಕ್ಕೆ ಎಡದಿಂದ 160, ಬಲದಿಂದ 160 ತೆಗೆಯಿರಿ. 1600 ಮತ್ತು 900 ಆಯಿತು, ಟಿವಿಯ ಆಕಾರಕ್ಕೆ ಸರಿಯಾಗಿ ಕೂರುತ್ತದೆ. ಸಂಖ್ಯೆಗಳು ಯಾವಾಗಲೂ ಸಮಸಂಖ್ಯೆ ಇರಲಿ, ಬೆಸ ಅಳತೆ ಇಲ್ಲಿ ಬಳಸುವ ವಿಡಿಯೋ ಫಾರ್ಮ್ಯಾಟ್‌ಗಳಿಗೆ ಆಗಿಬರುವುದಿಲ್ಲ.

ಒಂದು ಬದಿಯಲ್ಲಿ ಚೆಂಡೆಯವರು ನಿಂತಿದ್ದರೆ ಆ ಕಡೆ ಕಡಿಮೆ ತೆಗೆದು, ಇನ್ನೊಂದು ಕಡೆ ಜಾಸ್ತಿ ತೆಗೆಯಿರಿ. ಒಟ್ಟು 320 ಆದರೆ ಸಾಕು. ಮೇಲಿನ ಅಂಚನ್ನು ಮುಟ್ಟಲೇಬೇಡಿ ಅನ್ನುತ್ತೇನೆ. ನಿಂತಾಗ ತಲೆಗೆ ಕಟ್ಟಿದ ಕೇದಗೆ ಮುಂದಲೆಯ ಮೇಲೆ ಬೇಕಾದಷ್ಟು ಜಾಗ ಇದೆ ಅನ್ನಿಸುತ್ತದೆ. ಆದರೆ ಹುಡುಗ ಯುದ್ಧದ ಕುಣಿತದಲ್ಲಿ ಹಾರಿದಾಗ ಅದರ ತುದಿ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ. ಒಂದೇ ಕ್ರಾಪ್ ಇಡೀ ಒಂದೂವರೆ ಗಂಟೆಗೂ ಅನ್ವಯಿಸುತ್ತದೆ ಅಲ್ವಾ? ಅದಕ್ಕೇ ಪ್ರಿವ್ಯೂ ತೆರೆದು, ಸ್ಲೈಡರ್ ಎಳೆಯುತ್ತಾ ನಾಲ್ಕೈದು ಕಡೆ ನೋಡಿ.

'ವಿಡಿಯೋ' ಟ್ಯಾಬಿನಲ್ಲಿ ಎಚ್.264 (ವಿಡಿಯೋ ಕುಗ್ಗಿಸುವ ಒಂದು ವಿಧಾನ) ಇರಲಿ, ಕಾನ್ಸ್‌ಟಂಟ್ ಕ್ವಾಲಿಟಿ ಅಂದರೆ ಆರ್‌ಎಫ್ 22 ಇಡಿ. ಈ ಸಂಖ್ಯೆ ಕಡಿಮೆ ಆದಷ್ಟೂ ಗುಣಮಟ್ಟ ಹೆಚ್ಚು, ಫೈಲ್ ದೊಡ್ಡದು. 'ಇಷ್ಟೇ ಎಂಬಿ ಬೇಕು' ಅಂತ ಹಟ ಹಿಡಿಯುವುದಕ್ಕಿಂತ ಇದು ಎಷ್ಟೋ ಒಳ್ಳೆಯದು. ಅರ್ಥ (ಮಾತುಗಾರಿಕೆ) ಹೇಳುತ್ತಾ ನಿಂತಾಗ ಕಡಿಮೆ ಡೇಟಾ, ಮಂಡಿಯಲ್ಲಿ ಸುತ್ತು ಹಾಕುವಾಗ ಹೆಚ್ಚು ಡೇಟಾ ಅಂತ ಅದೇ ಹಂಚಿಕೊಳ್ಳುತ್ತದೆ. ಎಚ್.265 ಬಳಸಿದರೆ ಫೈಲ್ ಇನ್ನೂ ಸಣ್ಣದಾಗುತ್ತದೆ ನಿಜ. ಆದರೆ ಹಳೆಯ ಟಿವಿಗಳಲ್ಲಿ ಓಡದೇ ಇರಬಹುದು, ಅಜ್ಜಿಯ ಮನೆಗೆ ಅದು ಬೇಡ. ರವೆ ತೆಗೆಯುವ ಡಿನಾಯ್ಸ್ ಫಿಲ್ಟರನ್ನೂ ಬಿಡಿ. ಜಾಸ್ತಿ ಹಾಕಿದರೆ ಮುಖದ ಬಣ್ಣದ ಸಣ್ಣ ಗೆರೆಗಳೂ ಅಳಿಸುತ್ತವೆ.

ಪೂರ್ತಿ ಓಡಿಸುವ ಮೊದಲು ಒಂದು ನಿಮಿಷ ಪರೀಕ್ಷೆ ಮಾಡಿ. 'ರೇಂಜ್' ಅನ್ನುವಲ್ಲಿ 'ಸೆಕೆಂಡ್ಸ್' ಆರಿಸಿ, ಅತಿ ಜೋರಾದ ಕುಣಿತ ಇರುವ ಅರವತ್ತು ಸೆಕೆಂಡ್ ಕೊಡಿ. ಅದು ಚೆನ್ನಾಗಿ ಬಂದರೆ ಉಳಿದದ್ದು ಖಂಡಿತ ಚೆನ್ನಾಗಿರುತ್ತದೆ. ಚೌಕ ಕಂಡರೆ ಆರ್‌ಎಫ್ 20 ಮಾಡಿ. ಆ ಒಂದು ನಿಮಿಷದ ಫೈಲ್ ಎಷ್ಟಾಯಿತು ನೋಡಿ, 90ರಿಂದ ಗುಣಿಸಿ. ಜೋರು ಕುಣಿತದ ನಿಮಿಷ ಆದ್ದರಿಂದ ನಿಜವಾದ ಫೈಲ್ ಅದಕ್ಕಿಂತ ಸಣ್ಣದೇ ಬರುತ್ತದೆ. ಆಮೇಲೆ ಅದೇ ರೇಂಜ್‌ನಲ್ಲಿ ಆಟದ ಶುರು ಮತ್ತು ಕೊನೆಯ ಹೊತ್ತು ಹಾಕಿದರೆ ಟ್ರಿಮ್ಮೂ ಮುಗಿಯಿತು. ರಾತ್ರಿ ಓಡಲು ಬಿಟ್ಟು ಮಲಗಿ. ಹ್ಯಾಂಡ್‌ಬ್ರೇಕ್ ಹೊಸ ಫೈಲ್ ಮಾಡುತ್ತದೆ, ಮೂಲವನ್ನು ಮುಟ್ಟುವುದಿಲ್ಲ.

ಅಣ್ಣನಿಗೆ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ವಿಡಿಯೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. 2 ಜಿಬಿವರೆಗೆ ಹೋಗುತ್ತದೆ. ವಿಡಿಯೋ ಆಗಿ ಕಳಿಸಿದರೆ ವಾಟ್ಸಾಪ್ ಮತ್ತೆ ಕುಗ್ಗಿಸುತ್ತದೆ, ನಿಮ್ಮ ರಾತ್ರಿಯ ಕೆಲಸ ವ್ಯರ್ಥ. ಅಜ್ಜಿಗೆ ಪೆನ್‌ಡ್ರೈವ್ ಸಾಕು. ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ನಿಮ್ಮ ಹೊಸ ಫೈಲಿಗೆ ಆ ತೊಂದರೆ ಇಲ್ಲ.

ಪರೀಕ್ಷೆಯ ತುಣುಕು ಸರಿ ಕಾಣದಿದ್ದರೆ ಇಲ್ಲೇ ಬರೆಯಿರಿ, ಯಾವ ಆರ್‌ಎಫ್ ಹಾಕಿದಿರಿ ಅಂತಲೂ ತಿಳಿಸಿ.