‘ಗುಳಿಗಿ ತಗೊಂಡಿ?’ ಅಂತೀರಿ, ‘ಏನ್ ಉಂಡಿ?’ ಅನ್ನಲ್ಲ

“ಅವ್ವಗ ಸ್ವಲ್ಪ ಬುದ್ಧಿ ಹೇಳ್ರಿ ಮೇಡಂ.”

ಕಲಬುರಗಿಯಲ್ಲಿ ಆಪ್ತಸಲಹೆ ಕೆಲಸ ಶುರು ಮಾಡಿದಾಗಿನಿಂದ ಈ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಮನೆ ಬೇರೆ, ವಿಷಯ ಅದೇ. ಅಪ್ಪ ತೀರಿಕೊಂಡಿದ್ದಾರೆ. ಅವ್ವ ಒಬ್ಬಳೇ ಇದ್ದಾಳೆ. ಈಗ ಅವಳಿಗೆ ಒಬ್ಬರ ಸ್ನೇಹ ಆಗಿದೆ, ಆ ಒಬ್ಬರು ಗಂಡಸು. ಅಪ್ಪನ ಬಗ್ಗೆ ಹೀಗೆ ದೂರು ತರುವವರು ತೀರಾ ಕಡಿಮೆ. ಹೆಂಡತಿ ಹೋದ ವರ್ಷದೊಳಗೆ ನೆಂಟರೇ ಅವನಿಗೆ ಹೆಣ್ಣು ನೋಡುತ್ತಾರೆ. “ಅಡುಗೆಗೆ ಯಾರಾದರೂ ಬೇಕಲ್ಲ” ಅನ್ನುತ್ತಾರೆ. ಅವ್ವನಿಗೆ ಅಡುಗೆ ಬರುತ್ತದೆ, ಹಾಗಾಗಿ ಅವಳಿಗೆ ಯಾರೂ ಬೇಕಾಗಿಲ್ಲ ಅಂತ ಮನೆಯವರು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಕೆಳಗಿನ ಪ್ರಕರಣದಲ್ಲಿ ನಾನು ಕೊಟ್ಟ ಸಲಹೆಯ ಹಿಂದೆ ಇದೂ ಇದೆ.

ಇಲ್ಲಿ ಅವರನ್ನು ಅಕ್ಕ ಅಂತ ಕರೆಯುತ್ತೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 60 ದಾಟಿದೆ. ಗಂಡ ರಾಜ್ಯ ಸರ್ಕಾರಿ ನೌಕರರಾಗಿದ್ದರು. ಪಾರ್ಶ್ವವಾಯು ಹೊಡೆದ ಮೇಲೆ ವರ್ಷಗಟ್ಟಲೆ ಹಾಸಿಗೆ ಹಿಡಿದು ತೀರಿಕೊಂಡರು. ಮಗ ಹೈದರಾಬಾದಿನಲ್ಲಿ, ಮಗಳು ಸೊಲ್ಲಾಪುರದಲ್ಲಿ. ಗಂಡ ಹೋದ ಮೇಲೆ ಅಕ್ಕ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದರು, ಅಲ್ಲಿ ಮನಸ್ಸು ನಿಲ್ಲದೆ ವಾಪಸ್ ಬಂದರು. ಶ್ರಾವಣದಲ್ಲಿ ಮಠದ ಪುರಾಣ ಕೇಳಲು ಹೋಗುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಹಿರಿಯರ ಒಂದು ಗುಂಪಿನ ಪರಿಚಯ ಆಯಿತು. ಅದರಲ್ಲಿ ಹೆಂಡತಿಯನ್ನು ಕಳೆದುಕೊಂಡ ಒಬ್ಬ ನಿವೃತ್ತ ಮಾಸ್ತರರೂ ಇದ್ದರು. ಗುಂಪಿನವರೆಲ್ಲ ಬೆಳಗ್ಗೆ ನಮ್ಮೂರಿನ ಅಪ್ಪನ ಕೆರೆ ಕಡೆ ವಾಕಿಂಗ್ ಹೋಗುವರು, ಚಹಾ ಕುಡಿಯುವರು. ದಿನ ಕಳೆದಂತೆ ಅಕ್ಕನಿಗೂ ಮಾಸ್ತರರಿಗೂ ಸಂಜೆ ಫೋನಿನಲ್ಲಿ ಮಾತಾಡುವ ರೂಢಿ ಆಯಿತು. ಇಷ್ಟೇ.

ಗಲಾಟೆ ಎದ್ದಿದ್ದು ಎಳ್ಳು ಅಮಾವಾಸ್ಯೆಗೆ. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಹಂಚಿಕೊಂಡು ಉಣ್ಣುತ್ತೇವೆ. ಮಾಸ್ತರರು ಇಡೀ ಗುಂಪನ್ನು ತಮ್ಮ ಹೊಲಕ್ಕೆ ಕರೆದಿದ್ದರು. ಯಾರೋ ಫೋಟೋ ತೆಗೆದರು. ಜೋಳದ ಬೆಳೆಯ ಮುಂದೆ ಅಕ್ಕ ಕೂತು ನಗುತ್ತಿದ್ದಾರೆ, ಪಕ್ಕದಲ್ಲಿ ಮಾಸ್ತರರು. ಆ ಫೋಟೋ ಹೇಗೋ ನೆಂಟರ ವಾಟ್ಸಾಪ್ ಗುಂಪು ಸೇರಿತು. ಆಮೇಲೆ ಒಂದು ಸೀಮಂತದಲ್ಲಿ ನಾದಿನಿ ಎಲ್ಲರ ಎದುರಿಗೆ ಮಾತು ಎತ್ತಿದರು. ಮಗ ರಜೆ ಹಾಕಿ ಓಡಿ ಬಂದ.

ಮೊದಲು ಮಗ ಒಬ್ಬನೇ ಬಂದ. ನಂತರ ಅಕ್ಕ ಒಬ್ಬರೇ ಬಂದರು. ಈ ಪ್ರಕರಣದ ದಿಕ್ಕು ಬದಲಾಗಿದ್ದು ಇಬ್ಬರೂ ಎದುರುಬದುರು ಕೂತ ದಿನ.

ಮಗ ಕೆಟ್ಟವನಲ್ಲ. ತಾಯಿ ಬಗ್ಗೆ ಕಾಳಜಿ ಇರುವ ಹುಡುಗ. ಅವನ ವಾದ ಸ್ಪಷ್ಟವಾಗಿತ್ತು. “ಅವ್ವ, ಬೇಕಿದ್ರ ಮದುವಿ ಆಗು, ನಾ ನಿಂತು ಮಾಡಿಸ್ತೀನಿ. ಬ್ಯಾಡಂದ್ರ ಆ ಫೋನ್ ಬಿಡು. ನಡುವ ಹಿಂಗ ಇರಬ್ಯಾಡ. ಮಂದಿಗೆ ನಾ ಏನಂತ ಹೇಳ್ಲಿ?”

ಮೇಲ್ನೋಟಕ್ಕೆ ಇದು ದೊಡ್ಡ ಮನಸ್ಸಿನ ಮಾತು. ಅಕ್ಕ ಸೆರಗು ಸರಿಮಾಡಿಕೊಂಡು ನಿಧಾನವಾಗಿ ಉತ್ತರ ಕೊಟ್ಟರು.

“ನಂಗ ಗಂಡ ಬ್ಯಾಡಪ್ಪ. ಗಂಡ ಇದ್ದ, ಚಂದ ಬಾಳೀನಿ. ನಿಮ್ಮಪ್ಪನ್ನ ಎತ್ತಿ ಕೂಡ್ಸಿ, ತೊಳ್ದು, ಉಣ್ಸಿ ಎಲ್ಲಾ ಮಾಡೀನಿ. ಖುಷಿಲೆ ಮಾಡೀನಿ. ಇನ್ನೊಬ್ಬರ ಗುಳಿಗಿ, ಇನ್ನೊಬ್ಬರ ರೊಟ್ಟಿ ನನ್ನ ಕೈಲಿ ಆಗಲ್ಲ. ಅವರ ಮನ್ಯಾಗ ಅವರಿರ್ಲಿ, ನನ್ನ ಮನ್ಯಾಗ ನಾನಿರ್ತೀನಿ. ಸಂಜಿಗಿ ‘ಇವತ್ತ ಏನ್ ಉಂಡ್ರಿ’ ಅಂತ ಕೇಳೋರು ಒಬ್ರು ಸಾಕು. ನೀವೂ ದಿನಾ ಫೋನ್ ಮಾಡ್ತೀರಿ, ಇಲ್ಲ ಅನ್ನಲ್ಲ. ಆದ್ರ ‘ಗುಳಿಗಿ ತಗೊಂಡಿ?’ ಅಂತೀರಿ, ‘ಏನ್ ಉಂಡಿ?’ ಅನ್ನಲ್ಲ.”

ಮಗ ತಲೆ ತಗ್ಗಿಸಿದ. ನಾನು ಅವನನ್ನು ಕೇಳಿದೆ: “ನಿಮಗೆ ಕಾಡ್ತಿರೋದು ಮನೆ ಆಸ್ತಿಯ ಚಿಂತೆನಾ, ಮಂದಿ ಮಾತಾ, ಬೇರೆ ಏನಾದ್ರೂ ಇದೆಯಾ?” ಈ ಪ್ರಶ್ನೆಯನ್ನು ನಾನು ಇಂಥ ಎಲ್ಲ ಮಕ್ಕಳಿಗೂ ಕೇಳುತ್ತೇನೆ. ಆಸ್ತಿ ಅಂತ ಬಾಯಿ ಬಿಟ್ಟು ಹೇಳಲು ಹಿಂಜರಿಯುತ್ತಾರೆ, ಆದರೆ ಕೇಳಿದರೆ ಹೇಳುತ್ತಾರೆ. ಇವನು ಬೇರೆಯದನ್ನೇ ಹೇಳಿದ.

“ಆ ಫೋಟೋದಾಗ ಅವ್ವ ನಗ್ಲತ್ತಿದ್ಲು ಮೇಡಂ. ಅಪ್ಪ ಹೋದ ಮ್ಯಾಲ ನಮ್ಮ ಮುಂದ ಒಮ್ಮಿನೂ ಹಂಗ ನಕ್ಕಿಲ್ಲ.”

ಅವನ ಸಿಟ್ಟಿನ ಅಡಿಯಲ್ಲಿ ಇದ್ದದ್ದು ನೋವು. ತಾನು ಕೊಡಲಾಗದ ನಗುವನ್ನು ಹೊರಗಿನವರು ಕೊಟ್ಟರು ಅನ್ನುವ ನೋವು. ಅಕ್ಕನಿಗೆ ಇದು ಗೊತ್ತೇ ಇರಲಿಲ್ಲ. ಮಗ ತನ್ನ ನಡತೆಯನ್ನು ಅನುಮಾನಿಸುತ್ತಿದ್ದಾನೆ ಅಂತಲೇ ಅವರು ತಿಳಿದಿದ್ದರು. ಆಮೇಲೆ ಆ ಕೋಣೆಯಲ್ಲಿ ತಾಯಿ ಮಗ ಇಬ್ಬರೂ ಅಪ್ಪನ ಬಗ್ಗೆ ಮಾತಾಡಿದರು, ಅತ್ತರು. ಅಪ್ಪ ತೀರಿಕೊಂಡ ಮೇಲೆ ಅವರಿಬ್ಬರೂ ಕೂತು ಅಪ್ಪನ ಮಾತು ಆಡಿದ್ದು ಅದೇ ಮೊದಲು. ಒಬ್ಬರಿಗೆ ದುಃಖ ಆಗುತ್ತದೆ ಅಂತ ಇನ್ನೊಬ್ಬರು ಸುಮ್ಮನಿದ್ದರಂತೆ. ಇದು ಎಷ್ಟು ಮನೆಗಳಲ್ಲಿ ನಡೆಯುತ್ತದೆ ಅಂತೀರಿ!

ನಾನು ಕೊಟ್ಟ ಸಲಹೆ ಇದು: ಸ್ನೇಹ ಮುಂದುವರಿಸಿ. ಮುಚ್ಚಿಡಬೇಡಿ, ಫೋನಿನ ಮೆಸೇಜ್ ಅಳಿಸುತ್ತಾ ಕೂರಬೇಡಿ. ಹೊರಗೆ ಹೋಗುವಾಗ ಮಗನಿಗೆ ಹೇಳಿ ಹೋಗಿ. ಅಪ್ಪಣೆ ಕೇಳುವ ದನಿಯಲ್ಲಿ ಬೇಡ, ಮನೆಯ ಸುದ್ದಿ ಹೇಳುವ ಹಾಗೆ ಹೇಳಿ.

ಇದಕ್ಕೆ ನನ್ನ ಮೇಲೆ ಸಿಟ್ಟಾದವರಿದ್ದಾರೆ. “ನೀವೇ ಹೀಗೆ ಹೇಳಿದರೆ ಸಂಸಾರಗಳ ಗತಿ ಏನು?” ಅಂತ ಆ ನಾದಿನಿಯೇ ಬಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಗಂಡ ಸತ್ತ ಹೆಂಗಸಿಗೆ ಉಡಿ ತುಂಬುವಾಗ ಪಕ್ಕಕ್ಕೆ ಸರಿ ಅನ್ನುತ್ತೇವೆ. ಶುಭಕಾರ್ಯದಲ್ಲಿ ಹಿಂದಿನ ಸಾಲು ಕೊಡುತ್ತೇವೆ. ಹೀಗೆ ಹೆಂಗಸರ ನಡುವಿನಿಂದಲೇ ಅವಳನ್ನು ಹೊರಗಿಟ್ಟ ಮೇಲೆ, ಅವಳು ಯಾರ ಜೊತೆ ಮಾತಾಡಬೇಕು? ನೆರೆಯ ಬಸವಕಲ್ಯಾಣವನ್ನು ನೆನೆದು ಮಾತಾಡುವಾಗ, 12ನೇ ಶತಮಾನದ ಅನುಭವ ಮಂಟಪದಲ್ಲಿ ಹೆಣ್ಣು ಗಂಡು ಸಮವಾಗಿ ಕೂತು ಮಾತಾಡಿದರು ಅಂತ ಹೆಮ್ಮೆಪಡುತ್ತೇವೆ. ಆ ಹೆಮ್ಮೆ ನಮ್ಮ ಅಂಗಳದಲ್ಲೂ ಕಾಣಬೇಕು ಅಂತ ನಾನು ನಂಬಿದ್ದೇನೆ. ಒಂಟಿತನ ಸುಮ್ನೆ ಮನಸ್ಸಿನ ಬೇಜಾರು ಅಲ್ಲ, ದೇಹವನ್ನೂ ಹಾಳು ಮಾಡುತ್ತದೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮನುಷ್ಯರ ನಡುವಿನ ಒಡನಾಟದ ಬಗ್ಗೆಯೇ ಒಂದು ಆಯೋಗ ಮಾಡಿತು ಅಂದರೆ ವಿಷಯ ಎಷ್ಟು ದೊಡ್ಡದು ನೋಡಿ.

ಹಾಗಂತ ಇಳಿವಯಸ್ಸಿನ ಮದುವೆಗೆ ನಾನು ವಿರೋಧಿಯಲ್ಲ. ಕಾನೂನು ಮದುವೆಗೆ ಕನಿಷ್ಠ ವಯಸ್ಸು ಹೇಳುತ್ತದೆ, ಗರಿಷ್ಠ ಹೇಳುವುದಿಲ್ಲ. ಇಬ್ಬರಿಗೂ ಮನಸ್ಸಿದ್ದರೆ ಖಂಡಿತ ಆಗಲಿ. ಆದರೆ ಮಂದಿಯ ಬಾಯಿ ಮುಚ್ಚಿಸಲು ಮದುವೆ ಆಗಬಾರದು. ಅದರಲ್ಲೂ ಅಕ್ಕನಂಥವರು ಹಣದ ಕಡೆ ನೋಡಲೇಬೇಕು. ರಾಜ್ಯ ಸರ್ಕಾರಿ ನೌಕರರ ವಿಧವೆಗೆ ಬರುವ ಕುಟುಂಬ ಪಿಂಚಣಿ ಮರುಮದುವೆಯಾದರೆ ನಿಂತುಹೋಗುತ್ತದೆ. ಅಕ್ಕನಿಗೆ ಕೈಯಲ್ಲಿರುವ ಸ್ವಂತ ದುಡ್ಡು ಅದೊಂದೇ. ಮಗನಿಗೆ ಇದು ಗೊತ್ತಿರಲಿಲ್ಲ.

ಮನೆಯ ವಿಷಯವನ್ನೂ ಅವತ್ತೇ ಬಿಡಿಸಿ ಹೇಳಿದೆ. ಮನೆ ಗಂಡ ಸ್ವಂತ ದುಡಿದು ಕಟ್ಟಿದ್ದು. ಉಯಿಲು ಬರೆದಿರಲಿಲ್ಲ, ಗಂಡನ ತಾಯಿಯೂ ಈಗಿಲ್ಲ. ಹಾಗಾಗಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಗ, ಮಗಳು ಮೂವರಿಗೂ ಸಮ ಪಾಲು. ಅಕ್ಕನ ಪಾಲು ಪೂರ್ತಿ ಅಕ್ಕನದು. ಮುಂದೆ ಮದುವೆಯಾದರೂ ಅದು ಕೈತಪ್ಪುವುದಿಲ್ಲ. ಆ ಪಾಲಿಗೆ ಉಯಿಲು ಬರೆದಿಡಿ ಅಂದೆ. ಅದಕ್ಕೆ ಸ್ಟಾಂಪ್ ಕಾಗದ ಬೇಕಿಲ್ಲ, ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಆಸ್ತಿಯ ದಾರಿ ಕಾಗದದ ಮೇಲೆ ಸ್ಪಷ್ಟವಾದರೆ ಮಕ್ಕಳ ಅರ್ಧ ಭಯ ಇಳಿಯುತ್ತದೆ.

ಅಕ್ಕನಿಗೆ ಬೇರೆಯಾಗಿ ಹೇಳಿದ ಮಾತುಗಳೂ ಇವೆ. ಮಾಸ್ತರರ ಜೊತೆ ಸಾಲದ ವ್ಯವಹಾರ ಬೇಡ, ಕೊಡುವುದೂ ಬೇಡ, ತೆಗೆದುಕೊಳ್ಳುವುದೂ ಬೇಡ. ಎಟಿಎಂ ಪಿನ್, ಸಹಿ ಮಾಡಿದ ಚೆಕ್ ಯಾರ ಕೈಗೂ ಬೇಡ, ಮಕ್ಕಳ ಕೈಗೂ ಬೇಡ. ಇದು ಅವರ ಮೇಲಿನ ಅನುಮಾನ ಅಲ್ಲ, ಸ್ನೇಹ ಹಣದಿಂದ ಕೆಡಬಾರದು ಅಷ್ಟೇ. ಇನ್ನೊಂದು ಮಾತು ಹೇಳುವಾಗ ನನಗೂ ಕಷ್ಟವಾಯಿತು. ಮಾಸ್ತರರಿಗೆ ಇವರಿಗಿಂತ ವಯಸ್ಸು ಜಾಸ್ತಿ. ಒಂದು ದಿನ ಅವರ ಫೋನೂ ಬರದೇ ಹೋಗಬಹುದು. ಎಲ್ಲ ಮಾತನ್ನೂ ಒಬ್ಬರಲ್ಲೇ ಇಟ್ಟರೆ ಆಗ ಮತ್ತೆ ಬರಿಗೈ. ಅದಕ್ಕೇ ಗುಂಪಿನ ಹೆಂಗಸರನ್ನು ಬಿಡಬೇಡಿ, ಹಳೆಯ ಓಣಿಯ ಗೆಳತಿಯರನ್ನು ಹುಡುಕಿ ಅಂದೆ. ಒಬ್ಬರು ಸಿಕ್ಕಿದ್ದಾರೆ, ಆಳಂದ ಕಡೆಯವರು, ಶಾಲೆಯಲ್ಲಿ ಜೊತೆಗೆ ಓದಿದವರು. ಅಕ್ಕ ಈಗ ಅವರ ವಿಷಯವನ್ನೇ ಜಾಸ್ತಿ ಹೇಳುತ್ತಾರೆ.

ಮಕ್ಕಳು ಒಂದು ವ್ಯತ್ಯಾಸ ತಿಳಿದಿರಬೇಕು. ಅವ್ವ ಮಾತಿಗೆ ಜನ ಹುಡುಕುತ್ತಿದ್ದರೆ ಹೆದರಬೇಡಿ, ಅದು ಬದುಕುವ ಆಸೆಯ ಗುರುತು. ಅವಳು ಉಣ್ಣುವುದು ಬಿಟ್ಟರೆ, ರಾತ್ರಿ ನಿದ್ದೆ ಇಲ್ಲದಿದ್ದರೆ, “ನಾ ಯಾಕ ಇರಬೇಕು” ಅನ್ನತೊಡಗಿದರೆ ಆಗ ಹೆದರಿ. ಕೂಡಲೇ ಮನೋವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಹಿರಿಯರಿಗಾಗಿಯೇ ಇರುವ ಎಲ್ಡರ್‌ಲೈನ್ ಸಂಖ್ಯೆ 14567.

ಅಕ್ಕ ಹೈದರಾಬಾದಿಗೆ ಮೊಮ್ಮಕ್ಕಳ ರಜೆಯಲ್ಲಿ ಹೋಗುತ್ತಾರೆ, ಉಳಿದ ದಿನ ತಮ್ಮ ಮನೆಯಲ್ಲೇ ಇರುತ್ತಾರೆ. ಮಗಳು ಮಾಸ್ತರರ ಜೊತೆ ಫೋನಿನಲ್ಲಿ ಮಾತಾಡಿದ್ದಾಳೆ. ಮಗ ಇನ್ನೂ ಮಾತಾಡಿಲ್ಲ. ಅವನಿಗೆ ಸಮಯ ಬೇಕು, ನಾನು ಅವಸರ ಮಾಡಿಲ್ಲ. ಈಗ ಉಳಿದಿರುವ ಜಗಳ ಒಂದು ಚೀಟಿಯದು. ತುರ್ತಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಬರೆದು ಪರ್ಸಿನಲ್ಲಿಡಿ ಅಂತ ಅಕ್ಕನಿಗೆ ಹೇಳಿದ್ದೆ. ಅವರು ಮೊದಲು ಮಗನ ನಂಬರ್, ಕೆಳಗೆ ಮಾಸ್ತರರ ನಂಬರ್ ಬರೆದರು. ಮಾಸ್ತರರು ಹತ್ತು ನಿಮಿಷದಲ್ಲಿ ಬರಬಲ್ಲರು, ಮಗನಿಗೆ ಅರ್ಧ ದಿನ ಬೇಕು. ಆದರೂ ಆ ಎರಡನೇ ನಂಬರನ್ನು ಮಗ ಒಪ್ಪಿಲ್ಲ. ಮುಂದಿನ ಸಲ ಅವನು ಬಂದಾಗ ಆ ಮಾತಿನಿಂದಲೇ ಶುರು ಮಾಡುತ್ತೇನೆ.